ನಾಳೆ ಬೈದರಾಯಿತು

ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡ ಸುದ್ದಿ ಅರಮನೆಯಿಂದ ಹೊರಬಿದ್ದದ್ದು 2022ರ ಸೆಪ್ಟೆಂಬರ್ 8ರ ಸಂಜೆ, ಇಲ್ಲಿ ಇಂಗ್ಲೆಂಡಿನ ಗಡಿಯಾರದಲ್ಲಿ ಆರೂವರೆಗೆ. ಆಕೆಗೆ 96 ವರ್ಷ. ನಮ್ಮ ಮನೆಯಲ್ಲಿ ರಾತ್ರಿಯ ಊಟ ಮುಗಿಯುವುದರೊಳಗೆ ನನ್ನ ಮೊಬೈಲು ಟುಣ್ ಟುಣ್ ಎನ್ನತೊಡಗಿತು. ಸಂತಾಪಕ್ಕಿಂತ ಮೊದಲು ಬಂದು ತಲುಪಿದ್ದು ನಗೆಚಟಾಕಿಗಳು. ಯಮಧರ್ಮ ಕೋಣ ಬಿಟ್ಟು ರಾಣಿಯ ಮುದ್ದಿನ ಕಾರ್ಗಿ ನಾಯಿ ಏರಿ ಬಂದ ಚಿತ್ರ ಒಂದು. ಈಗಲಾದರೂ ಕೊಹಿನೂರ್ ವಾಪಸ್ ಕಳಿಸಿ ಎನ್ನುವುದು ಇನ್ನೊಂದು. ಅದೇ ಹೊತ್ತಿಗೆ ಡಬ್ಲಿನ್ನಿನ ಹೊರವಲಯದ ಒಂದು ಮೈದಾನದಲ್ಲಿ ಫುಟ್‌ಬಾಲ್ ನೋಡಲು ಸೇರಿದ್ದ ಜನ ಸತ್ತ ಮುದುಕಿಯ ಮೇಲೆ ಹಾಡು ಕಟ್ಟಿ ಕುಣಿದರು. ಆ ವಿಡಿಯೋ ಕೂಡ ಮಲಗುವ ಮುಂಚೆ ನನ್ನ ಕೈಗೆ ಬಂತು. ಹೆಣ ಇನ್ನೂ ಸ್ಕಾಟ್ಲೆಂಡಿನ ಬಾಲ್ಮೋರಲ್ ಮನೆಯೊಳಗೇ ಇತ್ತು.

ನಾನು ರಾಜಭಕ್ತನಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿ ಬೆಳೆದು, ಡಾಕ್ಟರಿಕೆ ಓದಿ, ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿಯ ಸರ್ಕಾರಿ ಆಸ್ಪತ್ರೆಗೆ ಕೆಲಸಕ್ಕೆ ಬಂದವನು. ಈ ದೇಶದ ಸಾಮ್ರಾಜ್ಯ ನಮ್ಮಲ್ಲಿ ಏನು ಮಾಡಿತು ಎಂಬುದು ನನಗೂ ಗೊತ್ತು. ಐರಿಷ್ ಜನಕ್ಕೆ ಹಸಿವಿನ ಕಾಲದ ನೆನಪಿದೆ, 1972ರಲ್ಲಿ ಡೆರಿ ಊರಿನ ಬೀದಿಯಲ್ಲಿ ಬಿದ್ದ ಹೆಣಗಳ ನೆನಪಿದೆ. ಅವರು ನಗುವುದಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆದರೂ ಅವತ್ತು ರಾತ್ರಿ ನನಗೆ ಏನೋ ಕಳೆದುಹೋಗಿದೆ ಅನ್ನಿಸಿತು. ಕಳೆದದ್ದು ರಾಣಿಯಲ್ಲ. ಆಕೆ ತುಂಬು ಬಾಳು ಬಾಳಿ ಹೋದವರು. ಬೈಯುವವನೂ ಅಳುವವನೂ ಒಂದೇ ಬೀದಿಯಲ್ಲಿ ಇರುತ್ತಿದ್ದ, ಒಬ್ಬರ ಮುಖ ಒಬ್ಬರು ನೋಡಬೇಕಾಗಿದ್ದ ಒಂದು ಕಾಲವಿತ್ತಲ್ಲ, ಅದು ಹೋಯಿತು ಅನ್ನಿಸಿತು.

ನಮ್ಮ ತಾತ ಖಾದಿಯವರು. 1938ರಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಅಲ್ಲಿಗೆ ನಡೆದುಕೊಂಡು ಹೋಗಿದ್ದರಂತೆ. ಅದಾದ ಕೆಲವೇ ದಿನಕ್ಕೆ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದ ಮೇಲಂತೂ ದಿವಾನ್ ಮಿರ್ಜಾ ಸಾಹೇಬರ ಆಡಳಿತ, ಅರಮನೆಯ ಖರ್ಚು, ದಸರೆಯ ದೌಲತ್ತು ಯಾವುದನ್ನೂ ಅವರು ಬಿಟ್ಟವರಲ್ಲ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಚೆನ್ನಾಗಿಯೇ ಝಾಡಿಸುತ್ತಿದ್ದರಂತೆ. ಎದುರು ಮನೆಯವರು ಅರಮನೆಯ ಉಗ್ರಾಣದಲ್ಲಿ ಗುಮಾಸ್ತರು. ಅವರು ತಮ್ಮ ಜಗಲಿಯಿಂದಲೇ ಉತ್ತರ ಕೊಡುವರು. ಸಂಜೆಯ ಹೊತ್ತು ಬೀದಿಗೆಲ್ಲ ಅದೊಂದು ಪುಕ್ಕಟೆ ನಾಟಕ. ಅಂಥ ತಾತ, 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಸುದ್ದಿ ಬಂದ ಕೂಡಲೇ ಒಳಗೆ ಹೋಗಿ ಅಜ್ಜಿಗೆ ಒಲೆ ಹಚ್ಚಬೇಡ ಅಂದರಂತೆ. ತಾವೇ ಎದುರು ಮನೆಗೆ ಹೋಗಿ ಗುಮಾಸ್ತರ ಪಕ್ಕದಲ್ಲಿ ಮಾತಿಲ್ಲದೆ ಕೂತರಂತೆ. ಮಕ್ಕಳಿಗೆ ಅವತ್ತು ಬಾಳೆಹಣ್ಣು, ಅವಲಕ್ಕಿ. ಹದಿಮೂರನೆಯ ದಿನ ಕಳೆದ ಮೇಲೆ ಜಗಲಿಯ ಜಗಳ ಮತ್ತೆ ಶುರುವಾಯಿತು ಅನ್ನಿ. ಅಜ್ಜಿ ಇದನ್ನು ಹೇಳಿ, "ನಿಮ್ಮ ತಾತನಿಗೆ ಬಾಯಿ ಕಟ್ಟಿದ್ದೇ ಆ ಹದಿಮೂರು ದಿನ" ಎಂದು ನಗುತ್ತಿದ್ದಳು.

ಅಜ್ಜಿಗೂ ದೊಡ್ಡವರೆಂದರೆ ಹೆದರಿಕೆ ಇರಲಿಲ್ಲ. 1961ರ ಫೆಬ್ರವರಿಯಲ್ಲಿ ಇದೇ ಎಲಿಜಬೆತ್ ರಾಣಿ ಗಂಡನ ಜೊತೆ ಬೆಂಗಳೂರಿಗೆ ಬಂದಿದ್ದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರು ಜಯಚಾಮರಾಜ ಒಡೆಯರು, ಮುಖ್ಯಮಂತ್ರಿ ಬಿ.ಡಿ. ಜತ್ತಿ. ರಾಣಿ ಲಾಲ್‌ಬಾಗಿನಲ್ಲಿ ಒಂದು ಗಿಡ ನೆಟ್ಟು, ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು ಹೋದರು. ನಮ್ಮನ್ನೆಲ್ಲ ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ರಸ್ತೆಯ ಬದಿಗೆ ನಿಲ್ಲಿಸಿದ್ದರು. ಕೈಯಲ್ಲೊಂದು ಕಾಗದದ ಬಾವುಟ, ಕಾಲಡಿ ಕಾದ ಮಣ್ಣು. ತೆರೆದ ಕಾರು ನಮ್ಮ ಮುಂದೆ ಬಂದದ್ದೂ ಹೋದದ್ದೂ ಒಂದೇ. ಅಜ್ಜಿಯೂ ಹಟ ಮಾಡಿ ಬಂದಿದ್ದಳು. ಮನೆಗೆ ಮರಳುವ ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಅಷ್ಟು ದೊಡ್ಡ ರಾಜ್ಯವಂತೆ, ಕೊರಳಲ್ಲಿ ಒಂದು ತಾಳಿ ಇಲ್ಲ. ಎಷ್ಟು ಸಣ್ಣಗಿದ್ದಾಳೆ ನೋಡು, ಪಾಪ, ಊಟಕ್ಕೆ ಹಾಕ್ತಾರೋ ಇಲ್ಲವೋ." ಇದಕ್ಕಿಂತ ದೊಡ್ಡ ಅವಹೇಳನ ಇನ್ನೇನು ಬೇಕು! ಆದರೆ ಆ ಮಾತಿನೊಳಗೆ ಕನಿಕರವಿತ್ತು. ಬಾಯಿಗೆ ಬಂದದ್ದು ಅನ್ನುವಾಗಲೂ ಎದುರಿಗಿರುವುದು ಒಬ್ಬ ಹೆಂಗಸು, ಯಾರದೋ ಮನೆಯ ಮಗಳು ಎಂಬುದನ್ನು ಅಜ್ಜಿ ಮರೆತಿರಲಿಲ್ಲ.

ದೊಡ್ಡವರು ಸತ್ತರೆ ನಮಗೆ ಮೊದಲು ಗೊತ್ತಾಗುತ್ತಿದ್ದದ್ದು ರೇಡಿಯೋದಿಂದ. ಬೆಳಗಿನ ಚಿತ್ರಗೀತೆ ಬರಬೇಕಾದ ಹೊತ್ತಿನಲ್ಲಿ ವೀಣೆಯೋ ಸಾರಂಗಿಯೋ ಕೇಳಿದರೆ ಅಪ್ಪ ಶೇವಿಂಗ್ ಬ್ರಷ್ಷನ್ನು ಕೈಯಲ್ಲೇ ಹಿಡಿದು, "ಯಾರೋ ಹೋದರು ಅಂತ ಕಾಣುತ್ತೆ" ಅನ್ನುತ್ತಿದ್ದರು. ಯಾರು ಎಂದು ತಿಳಿಯುವ ಮೊದಲೇ ಮನೆ ಮೌನವಾಗುತ್ತಿತ್ತು. 1966ರ ಜನವರಿಯಲ್ಲಿ ಪ್ರಧಾನಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಶಾಲೆಗೆ ರಜೆ ಕೊಟ್ಟರು. ಮಕ್ಕಳಿಗೆ ರಜೆಯೆಂದರೆ ರಜೆ. ಹಿಂದಿನ ಸಾಲಿನಿಂದ ಒಂದು ಹೋ ಎದ್ದಿತು. ಮೇಷ್ಟ್ರು ಬೆತ್ತ ಎತ್ತಲಿಲ್ಲ. "ಗೇಟಿನ ತನಕ ಸುಮ್ಮನೆ ಹೋಗಿ, ಆಮೇಲೆ ಏನಾದರೂ ಮಾಡಿಕೊಳ್ಳಿ" ಅಂದರು. ಗೇಟು ದಾಟಿದ ಮೇಲೆ ನಾವು ಗೋಲಿ ಆಡಿದೆವು. ಆದರೆ ಗೇಟಿನ ತನಕ ಸುಮ್ಮನೆ ನಡೆದೆವು. ಆ ಮೇಷ್ಟ್ರು ನಮ್ಮಿಂದ ದುಃಖ ಕೇಳಲಿಲ್ಲ, ಅಷ್ಟು ದೂರ ಮಾತ್ರ ಕೇಳಿದರು.

ಇಂಗ್ಲೆಂಡಿಗೆ ಬಂದಾಗ ನನಗೆ ಮೊದಲು ಕೋಣೆ ಬಾಡಿಗೆಗೆ ಸಿಕ್ಕಿದ್ದು ಲ್ಯಾಂಕಾಶೈರಿನ ಒಂದು ಹತ್ತಿ ಗಿರಣಿಯ ಊರಿನಲ್ಲಿ. ಒಂದಕ್ಕೊಂದು ಅಂಟಿಕೊಂಡ ಕೆಂಪಿಟ್ಟಿಗೆಯ ಮನೆಗಳು, ಬೀದಿಯ ತುದಿಯಲ್ಲಿ ಹೊಗೆ ಕಾರುವುದನ್ನು ಬಿಟ್ಟ ಗಿರಣಿಯ ಚಿಮಣಿ. ಮನೆಯೊಡತಿ ಮಗ್ಗದ ಮುಂದೆ ನಿಂತೇ ವಯಸ್ಸಾದ ವಿಧವೆ. ಗಿರಣಿಯ ಗದ್ದಲದಲ್ಲಿ ಕಿವಿ ಅರ್ಧ ಹೋಗಿತ್ತು, ಅದಕ್ಕೇ ಅವರ ಗುಟ್ಟಿನ ಮಾತೂ ಪಕ್ಕದ ಮನೆಗೆ ಕೇಳುತ್ತಿತ್ತು. ರಾಜಮನೆತನವೆಂದರೆ ಅವರಿಗೆ ಆಗದು; ನಮ್ಮ ಬೆವರಿನಲ್ಲಿ ಕುದುರೆ ಸಾಕುವವರು ಎನ್ನುವರು. ಆದರೆ ಅಡಿಗೆಮನೆಯ ಕಪಾಟಿನಲ್ಲಿ ಚಹಾಪುಡಿಯ ಡಬ್ಬಿ ಮಾತ್ರ 1953ರ ಪಟ್ಟಾಭಿಷೇಕದ್ದು. ರಾಣಿಯ ಮುಖದ ಬಣ್ಣ ಹೆಬ್ಬೆರಳು ಮುಟ್ಟಿ ಮುಟ್ಟಿ ಸವೆದಿತ್ತು, ಒಂದು ಕಣ್ಣು ಪೂರಾ ಹೋಗಿತ್ತು. ಒಮ್ಮೆ ನಾನು ಆ ಡಬ್ಬಿಯ ಬಗ್ಗೆ ಕೇಳಿದ್ದಕ್ಕೆ, "ಮುಚ್ಚಳ ಬಿಗಿಯಾಗಿ ಕೂರುತ್ತೆ" ಎಂದಷ್ಟೇ ಹೇಳಿ ಮಾತು ಬದಲಿಸಿದರು.

ಆ ಬೀದಿಯಲ್ಲಿ ಯಾರಾದರೂ ಸತ್ತರೆ ಹೆಣ ಹೋಗುವ ದಿನ ಎಲ್ಲ ಮನೆಗಳ ಮುಂದಿನ ಕಿಟಕಿಗೂ ಪರದೆ ಎಳೆಯುತ್ತಿದ್ದರು. ಸತ್ತವನು ಕುಡುಕನಿರಲಿ, ಸಾಲಗಾರನಿರಲಿ, ಹೆಂಡತಿಗೆ ಹೊಡೆಯುತ್ತಿದ್ದವನೇ ಇರಲಿ. ಕಪ್ಪು ಕಾರು ನಿಧಾನವಾಗಿ ಬರುವಾಗ ಪೇಪರ್ ಅಂಗಡಿಯವನು ಹೊರಗೆ ಬಂದು ಟೋಪಿ ತೆಗೆದು ನಿಲ್ಲುವನು. ಚೆಂಡಾಡುವ ಹುಡುಗರು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒರಗುವರು. ನಮ್ಮೂರಿನಲ್ಲಿ ಹೆಣ ಹೋಗುವಾಗ ಅಂಗಡಿಯವರು ಅರ್ಧ ಬಾಗಿಲು ಎಳೆದು ಎದ್ದು ನಿಲ್ಲುತ್ತಿದ್ದುದನ್ನು ಕಂಡವನಿಗೆ ಅದೇನೂ ಹೊಸತಲ್ಲ. ಮಣ್ಣು ಮಾಡಿ ಬಂದ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚು, ಚಹಾ, ಗಂಡಸರಿಗೆ ಸ್ವಲ್ಪ ಬಿಯರು. ಅಲ್ಲಿ ಶುರುವಾಗುತ್ತಿತ್ತು ನೋಡಿ ನಿಜವಾದ ಮಾತು! ಸತ್ತವನ ಜಿಪುಣತನ, ಅವನು ಜೂಜಿನಲ್ಲಿ ಕಳೆದ ದುಡ್ಡು, ಯಾರದೋ ಮದುವೆಯಲ್ಲಿ ಬಿದ್ದದ್ದು, ಎಲ್ಲವೂ ಬರುತ್ತಿತ್ತು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ವಿಧವೆಯೂ ಕಣ್ಣೊರೆಸಿಕೊಂಡು ನಗುತ್ತಿದ್ದಳು, ಕೆಲವೊಮ್ಮೆ ಅವಳೇ ಒಂದೆರಡು ಸೇರಿಸುತ್ತಿದ್ದಳು.

1979ರ ಆಗಸ್ಟ್ 27ರಂದು ಐರ್ಲೆಂಡಿನ ಕಡಲಲ್ಲಿ ಭಾರತದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನರ ದೋಣಿಗೆ ಬಾಂಬ್ ಇಟ್ಟು ಅವರನ್ನು ಕೊಂದರು. 79 ವರ್ಷದ ಮುದುಕ. ಜೊತೆಯಲ್ಲಿ ಹದಿಹರೆಯದ ಇಬ್ಬರು ಹುಡುಗರೂ ಹೋದರು. ಸೆಪ್ಟೆಂಬರ್ 5ರ ಶವಸಂಸ್ಕಾರದ ದಿನ ನನಗೆ ರಾತ್ರಿಪಾಳಿ ಮುಗಿದು ರಜೆ ಇತ್ತು. ಮನೆಯೊಡತಿ ಟಿವಿಯ ಮುಂದೆ ಕುರ್ಚಿ ಎಳೆದು, ಕಿಟಕಿಯ ಪರದೆ ಎಳಿ ಎಂದು ನನಗೆ ಹೇಳಿದರು. ನನಗೆ ಎಲ್ಲಿತ್ತೋ ಸಿಟ್ಟು. ಈ ಮನುಷ್ಯ ಅವಸರ ಮಾಡಿ ನಮ್ಮ ದೇಶ ಒಡೆದು ಹೋದವನು, ಲಕ್ಷಗಟ್ಟಲೆ ಜನ ಸತ್ತರು, ನಾನೇಕೆ ಪರದೆ ಎಳೆಯಲಿ ಅಂದೆ. ಆಕೆ ತಿರುಗಿ ನೋಡಿ, "ನೀನು ಹೇಳೋದು ನಿಜವೇ ಇರಬಹುದು ಡಾಕ್ಟರ್. ನಾಳೆ ಬೈದರಾಯಿತು. ಇವತ್ತು ಎಳಿ" ಅಂದರು. ಎಳೆದೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಇಬ್ಬರೂ ಸೇರಿ ಚೆನ್ನಾಗಿ ಬೈದೆವು. ಪಂಜಾಬಿನಲ್ಲಿ ಏನಾಯಿತು ಎಂದು ಆಕೆ ಮೊದಲ ಸಲ ಪೂರ್ತಿ ಕೇಳಿಸಿಕೊಂಡದ್ದು ಅವತ್ತೇ. ಹಿಂದಿನ ದಿನ ನಾನು ಪರದೆ ಎಳೆಯದೆ ವಾದಕ್ಕೆ ನಿಂತಿದ್ದರೆ ಕೇಳುತ್ತಿದ್ದರೋ ಇಲ್ಲವೋ.

1952ರ ಫೆಬ್ರವರಿಯಲ್ಲಿ ಆರನೇ ಜಾರ್ಜ್ ಸತ್ತ ದಿನದ ಕತೆಯನ್ನೂ ಅವರು ಹೇಳುತ್ತಿದ್ದರು. ಸಿನಿಮಾ ಮಂದಿರಗಳು ಮುಚ್ಚಿದವು. ಬಿಬಿಸಿ ಸುದ್ದಿ, ಹವಾಮಾನ ಬಿಟ್ಟು ಮಿಕ್ಕ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿತು. ಕಾರು ಓಡಿಸುತ್ತಿದ್ದವರು ರಸ್ತೆಯ ಮಧ್ಯೆ ಇಳಿದು ನಿಂತರು. ಗಿರಣಿಯಲ್ಲಿ ಮಗ್ಗಗಳು ನಿಂತ ಆ ಗಳಿಗೆಯಲ್ಲಿ ಕಿವಿಗೆ ಏನೋ ಆಯಿತೆಂದು ಹೆದರಿದರಂತೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಐದನೇ ಜಾರ್ಜ್ 1936ರ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ಆತನ ವೈದ್ಯ ಲಾರ್ಡ್ ಡಾಸನ್ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿ ಸಾವನ್ನು ಬೇಗ ಬರಮಾಡಿದರು. ಸಂಜೆಯ ಅಗ್ಗದ ಪತ್ರಿಕೆಗಳಿಗೆ ಸಿಗದೆ ಬೆಳಗಿನ 'ಟೈಮ್ಸ್'ನಲ್ಲಿ ಸುದ್ದಿ ಬರಲಿ ಎಂಬುದೂ ಆ ಅವಸರಕ್ಕೆ ಒಂದು ಕಾರಣವೆಂದು ಅವರೇ ಬರೆದಿಟ್ಟ ಟಿಪ್ಪಣಿ 1986ರಲ್ಲಿ ಹೊರಬಿತ್ತು. ವೈದ್ಯನಾಗಿ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ಸತ್ತ ರಾಜನನ್ನು ಬೈಯುವುದೂ ಹೊಸದಲ್ಲ. 1830ರ ಜೂನ್ ಕೊನೆಗೆ ತೀರಿಕೊಂಡ ನಾಲ್ಕನೇ ಜಾರ್ಜನನ್ನು ಅದೇ 'ಟೈಮ್ಸ್' ಹಿಗ್ಗಾಮುಗ್ಗಾ ಜಾಡಿಸಿತ್ತು. ಇವನಷ್ಟು ಯಾರಿಗೂ ಬೇಡವಾಗಿ ಸತ್ತವನು ಇನ್ನೊಬ್ಬನಿಲ್ಲ ಎಂಬ ಧಾಟಿಯಲ್ಲಿ. ಇವತ್ತಿನ ಯಾವ ಟ್ರೋಲೂ ಅದಕ್ಕೆ ಸಾಟಿಯಲ್ಲ. ಆದರೆ ಆ ಮಾತು ಅಚ್ಚಾಗಿದ್ದು ರಾಜ ಸತ್ತು ಸುಮಾರು ಮೂರು ವಾರಕ್ಕೆ. ಬೈದವರು ಪತ್ರಿಕೆಯ ಹೆಸರಿಟ್ಟುಕೊಂಡು, ತಮ್ಮ ಓದುಗರ ಮುಂದೆ ನಿಂತು ಬೈದರು.

ಎಂಬತ್ತರ ದಶಕದಲ್ಲಿ ಟಿವಿಯಲ್ಲಿ 'ಸ್ಪಿಟಿಂಗ್ ಇಮೇಜ್' ಎಂಬ ಗೊಂಬೆಯಾಟ ಬರುತ್ತಿತ್ತು. ಅದರಲ್ಲಿ ರಾಜಮಾತೆಯ ಗೊಂಬೆಗೆ ಜಿನ್ ಬಾಟಲಿಯೇ ಆಭರಣ. ನಮ್ಮ ಮನೆಯೊಡತಿ ಅದನ್ನು ನೋಡಿ ಕೆಮ್ಮು ಬರುವಷ್ಟು ನಗುತ್ತಿದ್ದರು. ಬದುಕಿದ್ದವರ ಮೇಲೆ ನಗುವುದು ಈ ದೇಶಕ್ಕೆ ಚೆನ್ನಾಗಿ ಒಗ್ಗಿದ ವಿದ್ಯೆ, ಅದರಲ್ಲಿ ಇವರನ್ನು ಮೀರಿಸಲು ಸಾಧ್ಯವಿಲ್ಲ. 2002ರ ಮಾರ್ಚ್ 30ರಂದು ಆ ರಾಜಮಾತೆ 101ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಬಿಬಿಸಿಯಲ್ಲಿ ಸುದ್ದಿ ಓದಿದವರು ಕಪ್ಪು ಟೈ ಬದಲು ಗಾಢ ಕೆಂಪು ಟೈ ಕಟ್ಟಿದ್ದರೆಂದು ಪತ್ರಿಕೆಗಳು ವಾರಗಟ್ಟಲೆ ಹಾರಾಡಿದವು. ಒಂದು ಟೈ! ಆಗ ನಮಗೆ ಅದು ನಗೆಪಾಟಲಾಗಿ ಕಂಡಿತ್ತು. ಮುಂದಿನ ಇಪ್ಪತ್ತು ವರ್ಷದಲ್ಲಿ ನೋಡಿದ್ದನ್ನು ನೆನೆದರೆ, ಜನ ಟೈ ಬಣ್ಣಕ್ಕೆ ಜಗಳವಾಡುತ್ತಿದ್ದ ಆ ಕಾಲವೇ ವಾಸಿಯಿತ್ತು.

2021ರ ಏಪ್ರಿಲ್ 9ರಂದು ವಿಂಡ್ಸರ್ ಕೋಟೆಯಲ್ಲಿ ರಾಜಕುಮಾರ ಫಿಲಿಪ್ ಹೋದರು. ನೂರಕ್ಕೆ ಎರಡು ತಿಂಗಳು ಬಾಕಿ. ಬಿಬಿಸಿ ಎಲ್ಲವನ್ನೂ ಬದಿಗಿಟ್ಟು ದಿನವಿಡೀ ಅವರದೇ ಕಾರ್ಯಕ್ರಮ ಹಾಕಿತು. ಅಡಿಗೆ ಸ್ಪರ್ಧೆಯ ಫೈನಲ್ ಅವತ್ತು ಬರಬೇಕಿತ್ತು, ಬರಲಿಲ್ಲ. ಜನ ಸಿಟ್ಟಾದರು. ಒಂದು ಲಕ್ಷಕ್ಕೂ ಮೀರಿ ದೂರುಗಳು ಬಂದವು, ಬಿಬಿಸಿಯ ಇತಿಹಾಸದಲ್ಲೇ ಅಷ್ಟು ಬಂದದ್ದಿಲ್ಲ. ದೂರು ಕೊಡುವುದಕ್ಕೆಂದೇ ಬಿಬಿಸಿ ಬೇರೆ ಫಾರಂ ಮಾಡಿಟ್ಟಿತು. ಫಿಲಿಪ್ ತಾವೇನೂ ಬಾಯಿ ಹಿಡಿದು ಮಾತಾಡಿದವರಲ್ಲ. 1997ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಿಂತು, ಸತ್ತವರ ಸಂಖ್ಯೆ ಹೆಚ್ಚು ಮಾಡಿ ಬರೆದಿದ್ದಾರೆ, ಡಯರ್‌ನ ಮಗ ನನ್ನ ಜೊತೆ ನೌಕಾಪಡೆಯಲ್ಲಿದ್ದ ಎಂದವರು. ಅವತ್ತು ನನಗೆ ಆದ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಏಪ್ರಿಲ್ 17ರಂದು ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ, ಕೋವಿಡ್ ನಿಯಮದಂತೆ ಮೂವತ್ತೇ ಜನರ ನಡುವೆ, 94 ವರ್ಷದ ಹೆಂಡತಿ ಮಾಸ್ಕ್ ಹಾಕಿಕೊಂಡು ಒಂದು ಸಾಲಿನಲ್ಲಿ ಒಬ್ಬಳೇ ಕೂತದ್ದನ್ನು ನೋಡಿದಾಗ ನನ್ನ ಬಾಯಿಂದ ಡಯರ್‌ನ ಹೆಸರು ಹೊರಡಲಿಲ್ಲ.

ಅವರಿಗಾಗಿ ಎದೆಬಡಿದುಕೊಂಡು ಅತ್ತವರು ಎಲ್ಲಿಯವರು ಗೊತ್ತೇ? ಶಾಂತಸಾಗರದ ವನುವಾಟು ದೇಶದ ಟನ್ನಾ ದ್ವೀಪದಲ್ಲಿ ಯಾವೊನಾನೆನ್ ಎಂಬ ಹಳ್ಳಿಯಿದೆ. ಫಿಲಿಪ್ ತಮ್ಮ ಬೆಟ್ಟದ ದೈವದ ಮಗ, ದೂರ ಹೋಗಿ ದೊಡ್ಡ ರಾಣಿಯನ್ನು ಮದುವೆಯಾದವನು ಎಂದು ಅಲ್ಲಿಯವರ ನಂಬಿಕೆ. ಒಮ್ಮೆ ಅವರು ಹಂದಿ ಕೊಲ್ಲುವ ದೊಣ್ಣೆಯೊಂದನ್ನು ಕಳಿಸಿದ್ದರು. ಫಿಲಿಪ್ ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು, ಆ ಫೋಟೋವನ್ನು ಅವರಿಗೆ ಕಳಿಸಿದರು. ಸಾವಿನ ಸುದ್ದಿ ತಲುಪಿದಾಗ ಅವರು ಆ ಫೋಟೋ ಹೊರಗೆ ತಂದು, ಸೇರಿ ರೋದಿಸಿ, ಕಾವಾ ಕುಡಿದು ಶೋಕ ಆಚರಿಸಿದರು. ಇಲ್ಲಿಯ ಪತ್ರಿಕೆಗಳಿಗೆ ಅದೂ ತಮಾಷೆಯೇ ಆಯಿತು. ತನ್ನವನೆಂದು ಅಳುವವರು ಇದ್ದದ್ದು ಅಷ್ಟು ದೂರದಲ್ಲಿ. ಅರಮನೆಯ ಅಕ್ಕಪಕ್ಕದವರಿಗೆ ಅಡಿಗೆ ಸ್ಪರ್ಧೆ ತಪ್ಪಿದ ಬೇಸರ.

ಮತ್ತೆ ರಾಣಿಯ ಸಾವಿಗೆ ಬರುತ್ತೇನೆ. ಜನರ ಕೀಟಲೆಯನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ, ಯಾಕೆಂದರೆ ಆ ಹತ್ತು ದಿನ ದುಃಖವೂ ಕಚೇರಿಯ ಸುತ್ತೋಲೆಯಂತೆ ಬರುತ್ತಿತ್ತು. ಸೂಪರ್‌ಮಾರ್ಕೆಟ್ ಒಂದು ಬಿಲ್ ಮಾಡುವ ಯಂತ್ರದ ಬೀಪ್ ಸದ್ದನ್ನು ಶೋಕದ ಸಲುವಾಗಿ ತಗ್ಗಿಸಿತು. ನಾರಿಚ್ ನಗರದಲ್ಲಿ ಸೈಕಲ್ ನಿಲ್ಲಿಸುವ ಕಂಬಿಗಳಿಗೆ ರಾಜಶೋಕದ ಚೀಟಿ ಅಂಟಿಸಿ ಮುಚ್ಚಿದರು. ರಜೆ ಕಳೆಯಲು ಬಂದಿದ್ದ ಕುಟುಂಬಗಳನ್ನು ಶವಸಂಸ್ಕಾರದ ದಿನ ಹೊರಗೆ ಕಳಿಸುತ್ತೇವೆಂದು ಒಂದು ಕಂಪನಿ ಹೇಳಿ, ಉಗಿಸಿಕೊಂಡು ಹಿಂತೆಗೆಯಿತು. ಐದು ವರ್ಷದ ಹಿಂದೆ ಒಮ್ಮೆ ಸಾಕ್ಸ್ ಕೊಂಡಿದ್ದ ಅಂಗಡಿಯಿಂದಲೂ ನನಗೆ ಸಂತಾಪದ ಇಮೇಲ್ ಬಂತು. ನಗದೆ ಏನು ಮಾಡಬೇಕು? ಇನ್ನೊಂದು ಕಡೆ, ಹೊಸ ರಾಜನ ಹೆಸರು ಸಾರುವಾಗ ಆಕ್ಸ್‌ಫರ್ಡಿನಲ್ಲಿ ಒಬ್ಬಾತ ಇವನನ್ನು ಆರಿಸಿದವರು ಯಾರು ಎಂದು ಕೂಗಿದ್ದಕ್ಕೆ ಪೊಲೀಸರು ಬೇಡಿ ಹಾಕಿ ವ್ಯಾನಿಗೆ ಹತ್ತಿಸಿದರು. ನನಗೆ ಅದು ಸರಿ ಕಾಣಲಿಲ್ಲ. ಆತ ತನ್ನ ಊರಿನ ಬೀದಿಯಲ್ಲಿ, ತನ್ನ ಜನರ ಎದುರು, ತನ್ನ ಬಾಯಿಂದಲೇ ಕೇಳಿದವನು. ಸುತ್ತಲಿದ್ದವರು ಸುಮ್ಮನಿರಯ್ಯಾ ಅಂದರು. ಅಲ್ಲಿಗೆ ಮುಗಿಯುತ್ತಿತ್ತು, ನಮ್ಮ ತಾತನ ಜಗಲಿಯಲ್ಲಿ ಮುಗಿಯುತ್ತಿದ್ದ ಹಾಗೆ.

ದೆಹಲಿಯಲ್ಲಿ ಅದೇ ಸೆಪ್ಟೆಂಬರ್ 8ರ ಸಂಜೆ ರಾಜಪಥಕ್ಕೆ ಕರ್ತವ್ಯಪಥವೆಂದು ಹೆಸರಿಟ್ಟು, ಹಿಂದೆ ಐದನೇ ಜಾರ್ಜ್ ನಿಂತಿದ್ದ ಮಂಟಪದಲ್ಲಿ ನೇತಾಜಿಯ ಪ್ರತಿಮೆಯನ್ನು ಅನಾವರಣ ಮಾಡಿದರು. ಕೆಲವೇ ಗಂಟೆಗಳಲ್ಲಿ ಆ ಜಾರ್ಜನ ಮೊಮ್ಮಗಳು ತೀರಿಕೊಂಡ ಸುದ್ದಿ. ಆದರೂ ಸೆಪ್ಟೆಂಬರ್ 11ರಂದು ಭಾರತ ಒಂದು ದಿನ ಬಾವುಟ ಅರ್ಧಕ್ಕೆ ಇಳಿಸಿತು. ಗುಲಾಮಗಿರಿಯ ಗುರುತು ಅಳಿಸುವುದು, ಸತ್ತ ಮನೆಗೆ ಒಂದು ದಿನ ಕೊಡುವುದು, ಎರಡನ್ನೂ ಒಂದೇ ವಾರದಲ್ಲಿ ಮಾಡಬಹುದು ಎಂದು ಸರ್ಕಾರಕ್ಕಾದರೂ ತಿಳಿದಿತ್ತು.

ನನ್ನ ಬೆಂಗಳೂರಿನ ಗೆಳೆಯರ ಗುಂಪಿಗೆ ತಿಳಿಯಲಿಲ್ಲ. ಅಲ್ಲಿ ವಾರವಿಡೀ ಕೊಹಿನೂರ್, ಕೊಹಿನೂರ್. 1849ರಲ್ಲಿ ಹತ್ತು ವರ್ಷದ ಹುಡುಗ ದಲೀಪ್ ಸಿಂಗನ ಕೈಯಿಂದ ಅದನ್ನು ಕಿತ್ತುಕೊಂಡದ್ದು ಅಕ್ಷಮ್ಯವೇ, ಒಪ್ಪೋಣ. ನಾನು ಒಂದೇ ಪ್ರಶ್ನೆ ಹಾಕಿದೆ: ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದ ನಮ್ಮ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ ಎಲ್ಲಿದೆ ಹೇಳಿ? ಯಾರೂ ಉತ್ತರಿಸಲಿಲ್ಲ. ಅದು ರಾಜಮನೆತನದ ಸಂಗ್ರಹದಲ್ಲೇ ಇದೆ. ಅದೇ ಸಿಂಹಾಸನದ ಹುಮಾ ಹಕ್ಕಿಯೂ ಇದೆ. ಮೈಸೂರು ಸೀಮೆಯಲ್ಲಿ ಹುಟ್ಟಿ, ಮೈಸೂರಿನ ಸೊತ್ತು ಬಿಟ್ಟು ಲಾಹೋರಿನ ವಜ್ರಕ್ಕೆ ನಗುವುದೆಂದರೆ, ಆ ಸಿಟ್ಟೂ ನಮ್ಮದಲ್ಲ, ಆ ನಗೆಯೂ ನಮ್ಮದಲ್ಲ, ಯಾರೋ ಕಳಿಸಿದ್ದನ್ನು ಮುಂದಕ್ಕೆ ತಳ್ಳಿದ್ದು ಅಷ್ಟೇ. ತಾತ ಬೈಯುವಾಗ ಕಂದಾಯದ ಲೆಕ್ಕ ಬಾಯಲ್ಲಿರುತ್ತಿತ್ತು.

ರಾಣಿಯ ಅಂತಿಮ ದರ್ಶನಕ್ಕೆ ಲಂಡನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸರದಿ ನಿಂತರು. ಥೇಮ್ಸ್ ದಂಡೆಯುದ್ದಕ್ಕೂ ಮೈಲುಗಟ್ಟಲೆ ಸಾಲು, ಒಂದು ಹಂತದಲ್ಲಿ ಕಾಯುವ ಹೊತ್ತು 24 ಗಂಟೆ ಮುಟ್ಟಿತು. ಮಗಳ ಮನೆಗೆ ಹೋಗಿದ್ದ ನಾನೂ ಮಂಡಿನೋವು ಕಟ್ಟಿಕೊಂಡು ಬರ್ಮಂಡ್ಸಿಯ ಹತ್ತಿರ ಸೇರಿಕೊಂಡೆ. ಯಾಕೆ ನಿಂತೆ ಎಂದು ಮಗಳು ಕೇಳಿದ್ದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಕಾಗದದ ಬಾವುಟ ಹಿಡಿದು ಒಮ್ಮೆ ನಿಂತಿದ್ದೆನಲ್ಲ, ಲೆಕ್ಕ ಚುಕ್ತಾ ಮಾಡೋಣ ಅಂದೆ. ಕೈಗೆ ಬಣ್ಣದ ಪಟ್ಟಿ ಕಟ್ಟಿದರು. ನನ್ನ ಮುಂದೆ ದಪ್ಪನೆಯ ಒಬ್ಬ ದಾದಿ, ಹಿಂದೆ ಪದಕಗಳನ್ನು ಸಾಲಾಗಿ ಚುಚ್ಚಿಕೊಂಡ ಹಳೆಯ ಸೈನಿಕ. ಬಿಸ್ಕತ್ತು ಕೈಯಿಂದ ಕೈಗೆ ಹೋಗುತ್ತಿತ್ತು. ರಾತ್ರಿಯಾಗಿ ಚಳಿ ಹತ್ತಿದಾಗ ಆ ದಾದಿ, "ಎಪ್ಪತ್ತು ವರ್ಷ ರಾಣಿಯಾಗಿ ಒಂದು ದಿನವೂ ಬಸ್ಸಿಗೆ ಕ್ಯೂ ನಿಂತವಳಲ್ಲ, ಅವಳ ಪಾಲಿನದನ್ನೆಲ್ಲ ನಮ್ಮ ಕೈಲಿ ನಿಲ್ಲಿಸ್ತಿದ್ದಾಳೆ" ಅಂದಳು. ಅನ್ನುವ ಮೊದಲು ಒಮ್ಮೆ ಹಿಂತಿರುಗಿ ಸೈನಿಕನ ಮುಖ ನೋಡಿದಳು. ಅವರು ಮೊದಲು ನಕ್ಕರು, ಆಮೇಲೆ ನಾವೆಲ್ಲ ನಕ್ಕೆವು.

ಆ ಹಿಂತಿರುಗಿ ನೋಡಿದ್ದೇ ನನಗೆ ಬೇಕಾದದ್ದು. ಅವಳ ಮಾತು ಮೊಬೈಲಿನಲ್ಲಿ ಬಂದ ಎಷ್ಟೋ ಚಟಾಕಿಗಳಿಗಿಂತ ಖಾರವಾಗಿಯೇ ಇತ್ತು. ಸಾಲು ಲ್ಯಾಂಬೆತ್ ಸೇತುವೆ ಮುಟ್ಟಿದಾಗ ನನಗೆ ಬಸವಣ್ಣನ ನೆನಪು ಬಂತು. 2015ರಲ್ಲಿ ಸ್ಥಾಪಿಸಿದ ಅವರ ಪ್ರತಿಮೆ ಅಲ್ಲೇ ಸ್ವಲ್ಪ ಆಚೆಗೆ, ಅದೇ ದಂಡೆಯ ಮೇಲಿದೆ. ಬಿಜ್ಜಳನ ಭಂಡಾರ ನೋಡಿಕೊಂಡೇ ಅರಸೊತ್ತಿಗೆಗೆ ಸೊಪ್ಪು ಹಾಕದವರು. ಆ ಮಧ್ಯರಾತ್ರಿ ಒಬ್ಬ ರಾಣಿಯ ಹೆಣ ನೋಡಲು ನಿಂತ ಕನ್ನಡಿಗನನ್ನು ಕಂಡು ಏನೆನ್ನುತ್ತಿದ್ದರೋ! ದಾದಿಗೆ ಅದನ್ನು ವಿವರಿಸಹೊರಟೆ, ಅಷ್ಟರಲ್ಲಿ ಸಾಲು ಮುಂದಕ್ಕೆ ಹೋಯಿತು.

ನಾನು ಈಗಲೂ ಇರುವುದು ಅದೇ ಲ್ಯಾಂಕಾಶೈರಿನ ಊರಿನಲ್ಲಿ. ಗಿರಣಿಯನ್ನು ಫ್ಲ್ಯಾಟ್‌ಗಳಾಗಿ ಮಾಡಿದ್ದಾರೆ. ಬೀದಿ ಚೊಕ್ಕಟವಾಗಿದೆ, ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತದೆ, ಕೆಮ್ಮಿ ಸಾಯುವ ನೇಕಾರರು ಈಗಿಲ್ಲ, ಇದನ್ನೆಲ್ಲ ಬೇಡವೆನ್ನಲು ನನಗೇನು ಹುಚ್ಚೇ? ಆದರೆ ಯಾರು ಹೋದರು ಎಂಬುದು ಈಗ ಮನೆ ಮಾರಾಟಕ್ಕಿದೆ ಎಂಬ ಬೋರ್ಡು ನೋಡಿದ ಮೇಲೆ ಗೊತ್ತಾಗುತ್ತದೆ. ಹೋದ ಚಳಿಗಾಲ ಮೂರನೇ ಮನೆಯ ಮುದುಕರು ತೀರಿಕೊಂಡರು. ಜಗಳಗಂಟ ಮನುಷ್ಯ, ನಮ್ಮ ಕಾರು ಒಂದು ಗೇಣು ಆಚೆ ನಿಂತರೂ ಕಾಗದ ಬರೆದು ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಶವ ಹೋಗುವ ದಿನ ವಿಷಯ ತಿಳಿದು ನಾನು ಮುಂದಿನ ಕೋಣೆಯ ಪರದೆ ಎಳೆದು, ಒಳಗೆ ಕೂತು ಪೇಪರ್ ಓದುತ್ತಿದ್ದೆ. ಇಡೀ ಬೀದಿಯಲ್ಲಿ ಪರದೆ ಎಳೆದದ್ದು ನಮ್ಮ ಮನೆಯೊಂದೇ. ಮಧ್ಯಾಹ್ನ ಬಾಗಿಲು ತೆಗೆದರೆ ಕೊರಿಯರ್‌ನವನು ಸಿಕ್ಕಿಸಿಹೋದ ಚೀಟಿ: ನೀವು ಮನೆಯಲ್ಲಿ ಇದ್ದಂತಿಲ್ಲ, ಪಾರ್ಸೆಲ್ ವಾಪಸ್ ಕೊಂಡೊಯ್ದಿದ್ದೇವೆ. ಬೆಂಗಳೂರಿನಿಂದ ತಂಗಿ ಕಳಿಸಿದ ಚಟ್ನಿಪುಡಿ ಅದು. ಅದನ್ನು ಬಿಡಿಸಿಕೊಂಡು ಬರಲು ಎರಡು ಬಸ್ಸು ಹತ್ತಬೇಕಾಯಿತು, ದಾರಿಯುದ್ದಕ್ಕೂ ಆ ಮುದುಕರನ್ನು ಬೈದುಕೊಂಡೇ ಹೋದೆ.